ಕಾರಿನ ಕಣ್ಣು, ಅಡುಗೆಮನೆಯ ಗೋಡೆ

ಬೆಳಗ್ಗೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಲು ಕುಕ್ಕರಗಾಲಿನಲ್ಲಿ ಕೂತಾಗ ನನ್ನ ಮುಖವೂ ನಮ್ಮ ಕಾರಿನ ಮುಖವೂ ಒಂದೇ ಎತ್ತರಕ್ಕೆ ಬರುತ್ತವೆ. ಹೊಸ್ತಿಲ ಕಡೆಗೆ ಮುಖ ಮಾಡಿ ನಿಂತಿರುವ ಅದು ನಾನು ಚುಕ್ಕಿ ಇಡುವುದನ್ನೇ ನೋಡುತ್ತಿರುತ್ತದೆ. ಎಲ್ಲಿ ಎಳೆ ತಪ್ಪಿತೆಂಬುದು ನನಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೇನೋ ಎಂಬ ಅನುಮಾನ ನನಗೆ. ಮೊನ್ನೆ ಗುರುವಾರ ಹೀಗೆ ಕೂತವಳು ತಲೆಯೆತ್ತಿದರೆ ಅದರ ಬಲಗಣ್ಣಿನಲ್ಲಿ ನೀರು ನಿಂತಿತ್ತು. ಒರೆಸೋಣವೆಂದು ಸೆರಗಿನ ತುದಿ ಒಯ್ದೆ. ನೀರು ಹೊರಗಿರಲಿಲ್ಲ, ಒಳಗಿತ್ತು. ಹೆಡ್‌ಲೈಟಿನ ಒಳಮೈಗೆ ಸಣ್ಣ ಸಣ್ಣ ಹನಿಗಳು ಕೂತು, ಒಂದೆರಡು ಕೆಳಗೆ ಜಾರಿ, ಮುಂದೆ ದಾರಿ ಕಾಣದೆ ಅಲ್ಲೇ ನಿಂತಿದ್ದವು.

ಅಂದು ನಳ ಬರುವ ದಿನವೂ ಹೌದು. ನಮ್ಮ ಗದಗ-ಬೆಟಗೇರಿಯಲ್ಲಿ ನಳದ ನೀರು ಬರುವುದೆಂದರೆ ದೂರದ ನೆಂಟರು ಬಂದ ಹಾಗೆ. ಇಂಥ ಹೊತ್ತಿಗೆ ಎಂದು ಹೇಳಿ ಬರುವುದಿಲ್ಲ, ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು, ಹೋದಮೇಲೆ ಮತ್ತೆ ಯಾವಾಗಲೋ ಎಂದು ಕೊಡ, ಬಕೆಟ್ಟು, ಡ್ರಮ್ಮು ಮುಟ್ಟಿ ಮುಟ್ಟಿ ನೋಡಬೇಕು. ಎದುರುಮನೆಯ ನೀಲಕ್ಕ ಆಗಲೇ ಪೈಪು ಹಿಡಿದು ನಿಂತಿದ್ದಳು. ಅವಳ ಮನೆಯಲ್ಲಿ ಗಂಡಸರೆಲ್ಲ ಮಗ್ಗದವರು. ಅವಳ ದಿನವೂ ಲಾಳಿಯಷ್ಟೇ ಅವಸರದಲ್ಲಿ ಆ ಕಡೆ ಈ ಕಡೆ ಓಡುತ್ತಿರುತ್ತದೆ. ನಾನು ಹೆಡ್‌ಲೈಟಿಗೆ ಮುಖ ಆನಿಸಿ ಕೂತದ್ದನ್ನು ನೋಡಿ, "ನಿಮ್ಮ ಗಾಡಿಗೂ ನಳಾ ಬಂತೇನ್ರಿ ವೈನಿ?" ಎಂದಳು. ಆಮೇಲೆ ತನ್ನ ಮಾಮೂಲಿ ದೂರು ತೆಗೆದಳು. ಈಚೆಗೆ ಸಂಜೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲವಂತೆ, ದಿನಾ ರೊಟ್ಟಿ ತಡವಾಗಿ ಗಂಡಸರ ಗೊಣಗಾಟ ಕೇಳಬೇಕಂತೆ, ವಯಸ್ಸಾಯಿತೋ ಏನೋ ಅಂತೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು ವಯಸ್ಸಿನ ಮಾತೆತ್ತಿದರೆ ನಾನು ಏನು ಹೇಳಲಿ? ಹೂಂಗುಟ್ಟಿ ಒಳಗೆ ಬಂದೆ.

ಒಳಗೆ ಇವರು ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮಡಚಿಟ್ಟು ಕೂತಿದ್ದರು. ಹೆಡ್‌ಲೈಟಿನೊಳಗೆ ನೀರು ಸೇರಿದ ಸುದ್ದಿ ಹೇಳಿದೆ. "ರವಿವಾರದೊಳಗ ಅದನ್ನ ನೆಟ್ಟಗ ಮಾಡಿಸಬೇಕು. ಮಂದಿ ಮನಿಗೆ ಕಳಸೂದು, ಕಣ್ಣೀರ ಹಾಕ್ಕೋತ ಹೋಗಬಾರ್ದು," ಎಂದರು. ತಮಾಷೆಯಾಗಿಯೇ ಹೇಳಿದರು. ಆದರೆ ಹೇಳಿದ ಮೇಲೆ ಇಬ್ಬರೂ ನಗಲಿಲ್ಲ.

ರವಿವಾರ ಮುಂಡರಗಿಯಿಂದ ಒಬ್ಬರು ಕಾರು ನೋಡಲು ಬರುವವರಿದ್ದರು. ನೋಡುವುದೇನು, ಮಾರಾಟದ ಮಾತು ಹೆಚ್ಚುಕಡಿಮೆ ಮುಗಿದೇ ಇತ್ತು. ಫೋಟೋ ಕಳಿಸಿದಾಗ ಆ ಪುಣ್ಯಾತ್ಮ ತೆಗೆದ ತಕರಾರು ಒಂದೇ: ಮುಂದಿನ ದೀಪ ಎರಡೂ ಹಳದಿಯಾಗಿ ಮಬ್ಬುಗಟ್ಟಿವೆ. ಕಾರು ಓಡಿಸುತ್ತಿದ್ದವರು ಇವರು. ಇವರದು ಪಂಪ್‌ಸೆಟ್ಟು, ಪೈಪಿನ ವ್ಯಾಪಾರ. ಡಂಬಳ, ಬೆಳ್ಳಟ್ಟಿ, ಸಿಂಗಟಾಲೂರು, ಲಕ್ಷ್ಮೇಶ್ವರ ಎಂದು ವರ್ಷಾನುಗಟ್ಟಲೆ ತಿರುಗಿದ ಮನುಷ್ಯ. ಹೋದ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು, ಇನ್ನು ಸ್ಟೇರಿಂಗ್ ಮುಟ್ಟಬೇಡಿ, ಅದರಲ್ಲೂ ಹೊತ್ತು ಮುಳುಗಿದ ಮೇಲಂತೂ ಬೇಡವೇ ಬೇಡ ಎಂದುಬಿಟ್ಟರು. ಅಂಗಡಿಯನ್ನು ಪಾಲುದಾರರಿಗೆ ಒಪ್ಪಿಸಿ ಇವರು ಮನೆಯಲ್ಲಿ ಕೂತರು. ನಾನೋ, ಬರೀ ಹಗಲಿನ ಡ್ರೈವರ್. ಬಜಾರಕ್ಕೆ, ಗುಡಿಗೆ, ಹೆಚ್ಚೆಂದರೆ ಲಕ್ಷ್ಮೇಶ್ವರದ ಅಕ್ಕನ ಮನೆಗೆ. ಅಲ್ಲಿಯೂ ಅಕ್ಕ ಸಂಜೆಯ ಚಹಾಕ್ಕೆ ಹಾಲು ಕಾಯಲು ಇಟ್ಟಳೋ ಇಲ್ಲವೋ, ನಾನು ಕಿಟಕಿಯಲ್ಲಿ ಬಿಸಿಲು ನೋಡಿ ಎದ್ದು ನಿಂತಿರುತ್ತೇನೆ. ಅವಳು ಮುಡಿಸಬೇಕೆಂದು ಕಟ್ಟುತ್ತಿದ್ದ ಮಲ್ಲಿಗೆ ಅರ್ಧಕ್ಕೇ ನಿಂತು, ಅರ್ಧ ದಂಡೆಯೇ ನನ್ನ ತಲೆಗೇರುತ್ತದೆ. ಕಾರಿನಲ್ಲಿ ಹೆಡ್‌ಲೈಟಿನ ಬಟನ್ನು ಎಲ್ಲಿದೆಯೆಂಬುದು ನನಗೆ ಗೊತ್ತಿದ್ದದ್ದು ಒಂದೇ ಕಾರಣಕ್ಕೆ: ತಿರುವಿನ ದೀಪ ಹಾಕಲು ಹೋಗಿ ನಾನು ಆಗಾಗ ಅದನ್ನೇ ಹಾಕುತ್ತಿದ್ದೆ. ಹೀಗಿರುವಾಗ ನಿಂತ ಕಾರಿಗೆ ಧೂಳು ಕೂರುವುದಕ್ಕಿಂತ ಓಡಿಸುವವರ ಕೈಗೆ ಹೋಗಲಿ ಎಂದು ಇವರು ತೀರ್ಮಾನಿಸಿದರು. ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ನನ್ನ ತಕರಾರು ಕಾರಿನದಾಗಿರಲಿಲ್ಲ, ಬೆಳಕಿನದಾಗಿತ್ತು. ಅದನ್ನು ಯಾರಿಗೆ ಹೇಗೆ ಹೇಳುವುದು?

ನಮ್ಮ ಅಡುಗೆಮನೆ ಓಣಿಯ ಬದಿಗಿದೆ. ಒಲೆಯ ಕಟ್ಟೆಯ ಮೇಲೆ ಒಂದು ಜಾಲರಿ ಕಿಂಡಿ. ಇವರು ಊರೂರು ತಿರುಗಿ ಬರುವ ಹೊತ್ತಿಗೆ, ಕಾರು ಓಣಿಯ ತಿರುವು ದಾಟಿ ಗೇಟಿನೊಳಗೆ ಬರುವಾಗ, ಅದರ ಬೆಳಕು ಆ ಕಿಂಡಿಯಿಂದ ಒಳಗೆ ಬಂದು ಎದುರು ಗೋಡೆಯ ಮೇಲೆ ಬೀಳುತ್ತಿತ್ತು. ಬರೀ ಬೆಳಕಲ್ಲ, ಜಾಲರಿಯ ಚೌಕಳಿಯ ಸಮೇತ, ಬೆಟಗೇರಿಯ ಚೌಕಳಿ ಸೀರೆಯೊಂದನ್ನು ಯಾರೋ ಗೋಡೆಗೆ ಹಿಡಿದು ತೋರಿಸಿದ ಹಾಗೆ. ಮೊದಲು ಕ್ಯಾಲೆಂಡರಿನ ಮೇಲೆ, ಅಲ್ಲಿಂದ ಸರಿದು ಬೇಳೆ ಡಬ್ಬಿಗಳ ಮೇಲೆ, ಕೊನೆಗೆ ದೇವರ ಫೋಟೋದ ಅಂಚಿಗೆ ಬಂದು ನಿಂತು, ಅಲ್ಲಿ ಒಂದು ಗಳಿಗೆ ನಡುಗಿ ಆರುತ್ತಿತ್ತು. ಆರಿತೆಂದರೆ ಇವರು ಕೀಲಿ ತೆಗೆದರೆಂದು ಅರ್ಥ. ನಾನು ಒಲೆಗೆ ರೊಟ್ಟಿಯ ಹಂಚು ಇಡುತ್ತಿದ್ದೆ.

ಗೋಡೆಯ ಮೇಲಿನ ಬೆಳಕನ್ನು ಓದುವುದೂ ಒಂದು ವಿದ್ಯೆಯೇ, ನನ್ನನ್ನು ನಂಬಿ. ಓಣಿಯ ಬಾಯಲ್ಲೇ ಬೆಳಕು ತಗ್ಗಿಸಿಕೊಂಡು ಬಂದರೆ ದಿನ ಚೆನ್ನಾಗಿ ಹೋಗಿದೆ. ಭರ್ರನೆ ಪೂರ್ತಿ ಬೆಳಕಿನಲ್ಲೇ ನುಗ್ಗಿದರೆ ಯಾರೋ ಮಾತು ಕೊಟ್ಟು ತಪ್ಪಿದ್ದಾರೆ, ಮೊದಲು ಚಹಾ, ಆಮೇಲೆ ಮಾತು. ಬೆಳಕು ದೇವರ ಫೋಟೋದ ಹತ್ತಿರ ಬಂದರೂ ಬಹಳ ಹೊತ್ತು ಆರದಿದ್ದರೆ ಮನುಷ್ಯ ದಣಿದು ಸೀಟಿನಲ್ಲಿ ಹಾಗೇ ಕೂತಿದ್ದಾನೆ. ಮರುದಿನ ಬೆಳಗ್ಗೆ ಒರೆಸುವಾಗ ಉಳಿದ ವರ್ತಮಾನ ತಿಳಿಯುತ್ತಿತ್ತು. ದೀಪದ ಮೇಲೆ ಕರೀ ಎರೆಮಣ್ಣಿನ ಕಲೆ ಇದ್ದರೆ ಡಂಬಳದ ಹೊಲಗಳಲ್ಲಿ ತಿರುಗಿದ್ದಾರೆ. ಕೆಂಧೂಳು ಕೂತಿದ್ದರೆ ಗುಡ್ಡದ ಬದಿ. ತುಂಬಾ ಹುಳ ಅಂಟಿದ್ದರೆ ಸಿಂಗಟಾಲೂರಿನ ಹೊಳೆದಂಡೆ, ಅದೂ ಹೊತ್ತು ಮುಳುಗಿದ ಮೇಲೆ ಹೊರಟದ್ದು. ಅವರು ಬಾಯಿ ಬಿಟ್ಟು ಹೇಳದ್ದೆಲ್ಲ ಹೆಡ್‌ಲೈಟು ಹೇಳುತ್ತಿತ್ತು.

ಈಗ ಇವರು ಇಡೀ ದಿನ ಮನೆಯಲ್ಲೇ ಇರುತ್ತಾರೆ. ಯಾವ ಹೆಂಡತಿಗಾದರೂ ಇದು ಸಂತೋಷದ ಸಂಗತಿ. ನನಗೂ ಸಂತೋಷವೇ, ಇಲ್ಲ ಎನ್ನುವುದಿಲ್ಲ. ಆದರೆ ಮನೆಯಲ್ಲೇ ಇರುವ ಮನುಷ್ಯನಿಗಾಗಿ ಕಾಯುವುದು ಹೇಗೆ? ಪಕ್ಕದ ಕೋಣೆಯಿಂದ ಚಹಾ ಆತೇನು ಎಂದು ಕೇಳುವವರ ದಾರಿಯನ್ನು ಯಾವ ಕಿಂಡಿಯಿಂದ ನೋಡಬೇಕು? ಸಂಜೆಯಾದರೆ ನನ್ನ ಕಣ್ಣು ತಾನಾಗಿ ಗೋಡೆಗೆ ಹೋಗುತ್ತದೆ. ಗೋಡೆ ಗೋಡೆಯಾಗಿಯೇ ಇರುತ್ತದೆ. ಅತ್ತ ಪಡಸಾಲೆಯಲ್ಲಿ ಇವರು ಓಣಿಯಲ್ಲಿ ಹೋಗುವ ಒಂದೊಂದೇ ಗಾಡಿಯ ಸದ್ದು ಕೇಳಿ ಅದು ಯಾವ ಗಾಡಿ, ಯಾರ ಗಾಡಿ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ. ಬರುವವರು ಇಲ್ಲದ ಮನೆಯಲ್ಲಿ ಇಬ್ಬರೂ ಯಾರನ್ನೋ ಕಾಯುತ್ತ ಕೂತ ಹಾಗೆ.

ನಮ್ಮ ಅತ್ತೆಯವರು ಇದ್ದಾಗ ಈ ಬೆಳಕಿಗೆ ಇನ್ನೂ ಹೆಚ್ಚಿನ ಮರ್ಯಾದೆಯಿತ್ತು. ಸಂಜೆ ಮನೆಯಲ್ಲಿ ಮೊದಲ ದೀಪ ಹೊತ್ತಿದಾಗ, ಅದು ದೇವರ ಮುಂದೆ ಎಣ್ಣೆ ಹಾಕಿ ಹಚ್ಚುವ ಸಮೆಯಿರಲಿ, ಪಡಸಾಲೆಯ ಕರೆಂಟಿನ ಬಲ್ಬಿರಲಿ, ಅವರು ಕೈ ಮುಗಿಯುತ್ತಿದ್ದರು. ಕಟ್ಟೆಯ ಮೇಲೆ ಕೂತಾಗ ಕಾರು ಬಂದರೆ ಹೆಡ್‌ಲೈಟಿಗೂ ಮುಗಿಯುತ್ತಿದ್ದರು. ಇವರಿಗೆ ಸಂಕೋಚ. ತಾಯಿ ಎದುರಿಗೆ ಕೈ ಮುಗಿದು ನಿಂತಾಗ ಮಗ ಬ್ರೇಕು ಹಾಕುವುದೋ, ಇಳಿದು ಕಾಲಿಗೆ ಬೀಳುವುದೋ? ಅವ್ವಾ, ಅದು ಗಾಡಿ ಎಂದರೆ, "ಗಾಡಿ ನಿನಗ. ನನಗ ಹೊತ್ತ ಮುಳುಗಿದ ಮ್ಯಾಲ ಮನಿಗೆ ಬಂದದ್ದು ದೀಪಾನ," ಎನ್ನುತ್ತಿದ್ದರು. ದೀಪ ಆರಿಸು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. ದೀಪ ಶಾಂತ ಮಾಡು ಎಂದೇ ಅವರ ಮಾತು. ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಮೊದಮೊದಲು ಇದೆಲ್ಲ ವಿಚಿತ್ರವೆನಿಸುತ್ತಿತ್ತು. ಆದರೆ ನಮ್ಮ ಕಾನ್ವೆಂಟಿನಲ್ಲೂ ಕ್ರಿಸ್‌ಮಸ್ ಹತ್ತಿರ ಬಂದಾಗ ಸಿಸ್ಟರುಗಳು ಗೇಟಿಗೆ ಕಾಗದದ ನಕ್ಷತ್ರ ತೂಗುಹಾಕಿ ಒಳಗೆ ಬಲ್ಬು ಇಡುತ್ತಿದ್ದರಲ್ಲ. ಯಾರಿಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಬರುವವರಿಗೆ ಎಂದಷ್ಟೇ ಉತ್ತರ ಸಿಕ್ಕಿತ್ತು. ಯೋಚಿಸಿದರೆ ನಮ್ಮತ್ತೆಗೂ ಸಿಸ್ಟರಿಗೂ ಬಹಳ ಮಾತು ಬೆಳೆಯುತ್ತಿತ್ತೇನೋ, ಭಾಷೆ ಒಂದು ಅಡ್ಡ ಬರದಿದ್ದರೆ.

ಇನ್ನು ದೀಪ ಮಬ್ಬಾದದ್ದರ ಕತೆ. ಅದರಲ್ಲಿ ಬಿಸಿಲಿನ ಪಾಲು ಅರ್ಧ, ನನ್ನ ಪಾಲು ಅರ್ಧ. ದಸರೆಯ ಖಂಡೇ ಪೂಜೆಗೆ ನಮ್ಮಲ್ಲಿ ಮನೆಯ ಕಬ್ಬಿಣ, ಹಿತ್ತಾಳೆ, ಯಂತ್ರ ಎಲ್ಲ ತೊಳೆದು ವಿಭೂತಿ ಕುಂಕುಮ ಹಚ್ಚುತ್ತೇವೆ. ಹೋದ ಸಲ ಪೂಜೆಯ ಹಿಂದಿನ ದಿನ ಸಮೆ, ಆರತಿ ತಟ್ಟೆ ಎಲ್ಲ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಬಂಗಾರದ ಹಾಗೆ ಮಾಡಿಟ್ಟಿದ್ದೆ. ಕೈಯಲ್ಲಿ ಇನ್ನೂ ಹುಣಸೆಹಣ್ಣು ಉಳಿದಿತ್ತು. ಕಾರಿನ ದೀಪಗಳು ಹಳದಿಯಾಗಿ ಕಂಡವು. ದೀಪ ತಾನೇ, ಸಮೆಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯವೇ ಎಂದು ಸೀರೆ ಎತ್ತಿ ಕಟ್ಟಿ, ಎರಡನ್ನೂ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆದೆ. ಒದ್ದೆಯಿರುವ ತನಕ ಫಳಫಳ ಹೊಳೆದವು. ಒಣಗಿದ ಮೇಲೆ ನೋಡಿದರೆ ಹಾಲು ಒಡೆದ ಬಣ್ಣ. ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿದ್ದರಿಂದ ಆ ದಿನ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಇವರು ನೋಡಿ ಬಹಳ ಹೊತ್ತು ನಕ್ಕರು. ಆಗ ಅವರಿಗೆ ಕಾಣುತ್ತಿತ್ತು.

ಹೀಗಾಗಿ ಅಡುಗೆ ಮುಗಿಸಿ ನಾನೇ ಕಾರು ತೆಗೆದುಕೊಂಡು ಮುಳಗುಂದ ನಾಕಾದ ಕಡೆ ಇರುವ ಎಲೆಕ್ಟ್ರಿಷಿಯನ್ ದಾವಲಸಾಬನ ಹತ್ತಿರ ಹೋದೆ. ಇವನು ಇವರಿಗೆ ಹಳೆಯ ಪರಿಚಯ. ಕೆಲಸಕ್ಕಿಂತ ಬಾಯಿ ಒಂದು ಹೆಜ್ಜೆ ಮುಂದಿರುವ ಆಸಾಮಿ. ಗದಗ ಜಿಲ್ಲೆಯಲ್ಲಿ ರಾತ್ರಿ ಯಾರಿಗಾದರೂ ದಾರಿ ಕಂಡರೆ ಅದು ತನ್ನಿಂದಲೇ ಎಂಬ ನಂಬಿಕೆ ಅವನದು. ಬಾನೆಟ್ ಎತ್ತಿ, ಮುಂದಿನ ಬಂಪರು ಸಡಿಲಿಸಿ, ನಾಲ್ಕಾರು ಸ್ಕ್ರೂ ತಿರುಗಿಸಿ ಹೆಡ್‌ಲೈಟನ್ನು ಇಡಿಯಾಗಿ ಹೊರಗೆಳೆದು ನನ್ನ ಮುಂದಿನ ಸ್ಟೂಲಿನ ಮೇಲೆ ಇಟ್ಟ. ನಾನು ಬೆಚ್ಚಿಬಿದ್ದೆ. ಒಂದು ಬಲ್ಬು, ಮುಂದೊಂದು ಗಾಜು, ಇಷ್ಟೇ ಹೆಡ್‌ಲೈಟು ಎಂದುಕೊಂಡಿದ್ದೆ. ಇದು ನೋಡಿದರೆ ಒಂದು ಪುಟ್ಟ ಸಂಸಾರ. ಮುಂದೆ ಗಾಜೆಂದು ಎಲ್ಲರೂ ಕರೆಯುವ ಪ್ಲಾಸ್ಟಿಕ್ಕಿನ ಮುಚ್ಚಳ. ಒಳಗೆ ಬೆಳ್ಳಿಯ ಬಟ್ಟಲಿನಂಥ ಕನ್ನಡಿ, ಗ್ಯಾರೇಜಿನವರು ಡೂಮು ಎನ್ನುವುದು ಇದಕ್ಕೇ. ಬೆನ್ನಿಗೆ ಒಂದು ರಬ್ಬರಿನ ಟೊಪ್ಪಿಗೆ. ಅದರೊಳಗೆ ಸ್ಪ್ರಿಂಗಿನ ಕೊಂಡಿ ಹಾಕಿ ಕೂರಿಸಿದ ಬಲ್ಬು. ಬಲ್ಬಿನ ಮೂರು ಕಾಲಿಗೆ ಮೂರು ತಂತಿಯ ಹೋಲ್ಡರು. ಹಿಂಬದಿಯಲ್ಲಿ ಬೆಳಕನ್ನು ಮೇಲೆ ಕೆಳಗೆ, ಆಚೆ ಈಚೆ ಮಾಡುವ ಸ್ಕ್ರೂಗಳು. ಬಲಗಡೆಯದರ ರಬ್ಬರು ಬಿರುಕುಬಿಟ್ಟಿತ್ತು. ನೀರು ಬಂದ ದಾರಿ ಅದು.

ದಾವಲಸಾಬ ಮುಚ್ಚಳದ ಮೇಲೆ ಬೆರಳಾಡಿಸಿ ನಿಂತುಬಿಟ್ಟ.

"ಅಕ್ಕಾರ, ಇದಕ್ಕ ಏನ್ ಹಚ್ಚಿ ತಿಕ್ಕೀರಿ?"

"ಹುಣಸಿಹಣ್ಣು," ಎಂದೆ.

"ಮತ್ತ?"

"ಸ್ವಲ್ಪ ಬೂದಿ."

"ಒಗ್ಗರಣಿ ಒಂದ ಬಿಟ್ಟೀರಿ," ಎಂದು ಒಳಗೆ ಹೋಗಿ ನೀರಿನಲ್ಲಿ ನೆನೆಸಿ ಉಜ್ಜುವ ನೀರುಕಾಗದ ತಂದ.

ಒರಟು ಕಾಗದದಿಂದ ನಯ ಕಾಗದಕ್ಕೆ ಹಂತಹಂತವಾಗಿ ಇಳಿಯುತ್ತ, ನೀರು ಚಿಮುಕಿಸುತ್ತ ಅವನು ಆ ಮುಚ್ಚಳ ಉಜ್ಜುವುದನ್ನು ನೋಡಬೇಕಿತ್ತು. ಗಂಧ ತೇಯ್ದ ಹಾಗೆ ಬೆಳ್ಳನೆಯ ನೀರು ಇಳಿಯಿತು. ಮೊದಲು ಇಳಿದದ್ದು ನನ್ನ ಬೂದಿಯ ಗೀರು, ಆಮೇಲೆ ಇಳಿದದ್ದು ವರ್ಷಗಳ ಬಿಸಿಲು. ಎರಡೂ ಇಳಿದ ಮೇಲೆ ಒಳಗಿನ ಬಟ್ಟಲು ಸ್ಪಷ್ಟವಾಗಿ ಕಂಡಿತು. ಹತ್ತಿರ ಹೋಗಿ ಇಣುಕಿದೆ. ನನ್ನದೇ ಮುಖ ತಲೆಕೆಳಗಾಗಿ ಕಂಡಿತು. ಆ ಕ್ಷಣ ಹೈಸ್ಕೂಲಿನ ತರಗತಿ ನೆನಪಾಯಿತು. ನಮ್ಮ ಸಿಸ್ಟರು ಹಾಸ್ಟೆಲಿನ ಅಡುಗೆಮನೆಯಿಂದ ಸ್ಟೀಲಿನ ಸೌಟು ತಂದು, ಅದರ ಒಳಮೈಯಲ್ಲಿ ನಮ್ಮ ತಲೆಕೆಳಗಾದ ಮುಖ ತೋರಿಸಿ, ತಗ್ಗು ಕನ್ನಡಿಯ ಪಾಠ ಮಾಡಿದ್ದರು. ನಡುವಿನ ಒಂದು ಬಿಂದುವಿನಲ್ಲಿ ದೀಪ ಇಟ್ಟರೆ ಕಿರಣಗಳೆಲ್ಲ ಒಂದಕ್ಕೊಂದು ತಾಗದೆ ನೇರ ಮುಂದೆ ಹೋಗುತ್ತವೆ ಎಂದು ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿ ಒಳ್ಳೆಯ ಅಂಕ ತೆಗೆದಿದ್ದೆ. ಆ ಕಿರಣಗಳು ಮುಂದೆ ಹೋಗಿ ಎಲ್ಲಿ ಬೀಳುತ್ತವೆ ಎಂದು ಪುಸ್ತಕದಲ್ಲಿ ಇರಲಿಲ್ಲ. ಗೆರೆಗಳು ಪುಟದ ಅಂಚಿನ ತನಕ ಹೋಗಿ ಅಲ್ಲಿಗೇ ಮುಗಿಯುತ್ತಿದ್ದವು. ನನ್ನ ಅಡುಗೆಮನೆಯ ಗೋಡೆಗೆ ಬರುತ್ತವೆಂದು ಯಾರು ಹೇಳಬೇಕಿತ್ತು?

ಬಲ್ಬನ್ನು ಮುಟ್ಟಲು ಹೋದೆ. ಗಾಜಿಗೆ ಕೈ ಹಚ್ಚಬೇಡಿ ಎಂದು ದಾವಲಸಾಬ ಗದರಿದ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದಂತೆ. ಬುಡ ಹಿಡಿದು ಎತ್ತಿ ನೋಡಿದೆ. ಒಳಗೆ ಒಂದಲ್ಲ, ಎರಡು ತಂತಿ. ಒಂದು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ. ಹತ್ತಿರದ ತಂತಿಯ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ಬಟ್ಟಲೊಂದು ಅಡ್ಡ ಹಿಡಿದಿತ್ತು. ಅದು ಯಾಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ದೇವರ ಮನೆಯಿಂದ ತುಳಸಿಕಟ್ಟೆಗೆ ದೀಪ ಒಯ್ಯುವಾಗ ನಾವು ಒಂದು ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಅಂಗೈ ಇದು. ನಾವು ಗಾಳಿಗೆ ಹಿಡಿದರೆ ಇದು ಎದುರಿನಿಂದ ಬರುವವರ ಕಣ್ಣಿಗಾಗಿ ಹಿಡಿದಿದೆ, ಬೆಳಕು ಮೇಲೆ ಚಿಮ್ಮಿ ಅವರಿಗೆ ಕುಕ್ಕದಿರಲಿ ಎಂದು. ಆ ಬಟ್ಟಲಿನ ಒಂದು ಅಂಚು ಮಾತ್ರ ತುಸು ಓರೆ. ಅದರಿಂದ ರಸ್ತೆಯ ಎಡಬದಿಗೆ ಬೆಳಕು ಸ್ವಲ್ಪ ಮೇಲಕ್ಕೇರುತ್ತದೆ. ನಾವು ಎಡಕ್ಕೆ ಓಡಿಸುವ ಜನ. ಎಡಬದಿಯಲ್ಲಿ ನಡೆದುಹೋಗುವವರಿರುತ್ತಾರೆ, ತಲೆಯ ಮೇಲೆ ಹುಲ್ಲಿನ ಹೊರೆ ಇರುತ್ತದೆ, ದೀಪವಿಲ್ಲದ ಚಕ್ಕಡಿ ಇರುತ್ತದೆ. ಎದುರಿನವರಿಗೆ ತಲೆ ತಗ್ಗಿಸಿ, ಬದಿಯಲ್ಲಿ ನಡೆಯುವವರತ್ತ ಮುಖವೆತ್ತಿ ನೋಡುವ ಈ ನಡತೆಯನ್ನು ಯಾರೋ ಉಗುರಿನಷ್ಟು ತಗಡಿನಲ್ಲಿ ಮಾಡಿಟ್ಟಿದ್ದರು. ನಮಗೆ ಕಾನ್ವೆಂಟಿನಲ್ಲಿ ಅದನ್ನು ಕಲಿಸಲು ಇಡೀ ಹತ್ತು ವರ್ಷ ಬೇಕಾಗಿತ್ತು.

ಡ್ಯಾಶ್‌ಬೋರ್ಡಿನ ಕೆಳಗಿನ ಒಂದು ಸಣ್ಣ ತಿರುಗುಣಿಯ ಗುಟ್ಟೂ ಅಂದೇ ತಿಳಿಯಿತು. ಅದರ ಮೇಲೆ ಸೊನ್ನೆಯಿಂದ ಮೂರರ ತನಕ ಅಂಕಿಗಳಿವೆ. ಹಿಂದಿನ ಸೀಟಿನಲ್ಲಿ ಅತ್ತೆ, ನಾದಿನಿಯರು, ಜೋಳದ ಚೀಲ ಎಲ್ಲ ತುಂಬಿದ ದಿನ ಇವರು ಹೊರಡುವ ಮೊದಲು ಅದನ್ನು ಮೂರಕ್ಕೆ ತಿರುಗಿಸುತ್ತಿದ್ದರು. ಗಾಳಿ ಜಾಸ್ತಿ ಮಾಡುತ್ತಿದ್ದಾರೆಂದು ನಾನು ತಿಳಿದು, ಎಷ್ಟೋ ಸಲ ಸೆಕೆಯೆಂದು ನಾನೂ ತಿರುಗಿಸಿದ್ದೇನೆ. ತಂಪಾಗಿದೆ ಅಂತಲೂ ಅನ್ನಿಸಿದೆ. ಅದು ಹಿಂದೆ ಭಾರ ಹೆಚ್ಚಾಗಿ ಕಾರಿನ ಮೂತಿ ಮೇಲೆದ್ದಾಗ ಬೆಳಕನ್ನು ಮತ್ತೆ ನೆಲಕ್ಕೆ ಇಳಿಸುವ ತಿರುಗುಣಿಯಂತೆ. ನಮ್ಮೆಲ್ಲರ ಭಾರಕ್ಕೆ ತಕ್ಕಂತೆ ಬೆಳಕು ತಗ್ಗಿಸಿಕೊಂಡು ಅಷ್ಟು ವರ್ಷ ಓಡಿಸಿದ್ದಾರೆ, ಒಂದು ದಿನ ಬಾಯಿ ಬಿಟ್ಟು ಹೇಳಿಲ್ಲ.

ಡೂಮುಗಳು ಹಪ್ಪಳದ ಹಾಗೆ ಬಿಸಿಲಿಗೆ ಬಿದ್ದು ಒಳಗಿನ ನೀರು ಆರಿತು. ಹೊಸ ರಬ್ಬರು ಬಂತು. ಬಲ್ಬಿನ ವಿಷಯದಲ್ಲಿ ಮಾತ್ರ ದಾವಲಸಾಬನಿಗೂ ನನಗೂ ವಾದವಾಯಿತು. ಬಿಳೀ ಬೆಳಕಿನ ಹೊಸ ನಮೂನೆಯ ಬಲ್ಬು ಹಾಕುತ್ತೇನೆ, ಇಲ್ಲಿ ಹಚ್ಚಿದರೆ ಡಂಬಳದ ಕೆರೆ ಕಾಣುತ್ತದೆ ಎಂದು ಅವನು. ಡಂಬಳದ ಕೆರೆ ಕಾಣುವುದು ಬೇಡ, ನಮ್ಮ ಓಣಿ ಕಂಡರೆ ಸಾಕು, ಹಳೆಯ ಹಳದಿಯೇ ಇರಲಿ ಎಂದು ನಾನು. ಹೋಲಿಸಿ ನೋಡಿ ಎಂದು ಎರಡನ್ನೂ ಹಚ್ಚಿ ತೋರಿಸಿದ. ಬಿಳಿಯದು ಆಸ್ಪತ್ರೆಯ ವರಾಂಡದ ಹಾಗಿತ್ತು. ಹಳದಿಯದೇ ಎಂದು ಮತ್ತೆ ಹೇಳಿದೆ. ಅವನು ಬಲ್ಬು ಒರೆಸುತ್ತ ಸಹಜವಾಗಿ ಕೇಳಿದ:

"ಮಾರೂ ಗಾಡಿಗೆ ಬಣ್ಣಾ ಯಾಕ ಆರಸ್ತೀರಿ ಅಕ್ಕಾರ? ತಗೊಂಡಾವ್ರು ನೋಡ್ಕೋತಾರ."

ಬೇರೆಯವರ ಅಡುಗೆಮನೆಯ ಗೋಡೆಗೆ ಹೋಗುವ ಬೆಳಕಿನ ಬಣ್ಣವನ್ನು ನಾನು ಇಷ್ಟು ಹಟ ಹಿಡಿದು ಆರಿಸುತ್ತಿದ್ದೆ. ಮುಂಡರಗಿಯಲ್ಲೂ ಒಬ್ಬಳು ಹೆಂಗಸು ಇರಬಹುದು, ಅವಳ ಒಲೆಯ ಮೇಲೂ ಒಂದು ಕಿಂಡಿ ಇರಬಹುದು. ಇರಲಿ ಪಾಪ. ಆದರೆ ನನ್ನೊಳಗೆ ಏನೋ ಕೊಸರಿಕೊಂಡಿತು. ಹಳದಿಯದನ್ನೇ ಹಾಕು ಎಂದು ಮೂರನೆಯ ಸಲ ಹೇಳಿ ಆಚೆ ಮುಖ ಮಾಡಿ ಕೂತೆ.

ಎಲ್ಲ ಕೂರಿಸಿ ಆಯಿತು, ಇನ್ನು ಹೊರಡೋಣವೆಂದು ಪರ್ಸು ತೆಗೆದರೆ ದಾವಲಸಾಬ ತಡೆದ. ಫೋಕಸ್ ಕೂರಿಸಬೇಕಂತೆ. ಅದಕ್ಕೆ ಕಾರನ್ನು ಗೋಡೆಗೆ ಎದುರು ನಿಲ್ಲಿಸಿ, ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆಂದು ನೋಡಿ ಹಿಂದಿನ ಸ್ಕ್ರೂ ತಿರುಗಿಸಬೇಕು. ಬಿಸಿಲಿನಲ್ಲಿ ಅದು ಕಾಣುವುದಿಲ್ಲ. ಹೊತ್ತು ಮುಳುಗುವ ತನಕ ಕಾಯಬೇಕು. ನಾನು ಹಗಲಿನ ಡ್ರೈವರ್ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇವರಿಗೆ ಫೋನು ಮಾಡಿದೆ. ಗಾಡಿ ಅಲ್ಲೇ ಬಿಟ್ಟು ಆಟೋಕ್ಕೆ ಬಾ, ಮುಂಜಾನೆ ತಂದರಾಯಿತು ಎಂದರು. ಸರಿಯಾದ ಮಾತೇ. ಆದರೆ ನನ್ನ ಬಾಯಿಂದ ಬಂದದ್ದು, "ನಾನ ತರ್ತೀನಿ," ಎಂದು. ಎಷ್ಟು ಹೊತ್ತಿಗೆ ಹೊರಡುತ್ತೀ ಎಂದು ಕೇಳಿದರು. ಆಮೇಲೆ ಹೇಳಿದರು:

"ಎದುರಿನ ಲೈಟ್ ನೋಡಬ್ಯಾಡ. ಎಡಗಡಿ ಅಂಚು ನೋಡ್ಕೋತ ಬಾ."

ಹಾಗೆ ನಾನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಹೊತ್ತು ಮುಳುಗುವುದನ್ನು ಕಾದೆ. ಎಷ್ಟು ದಿನವಾಯಿತೋ ಹೀಗೆ ಕಾದು. ದೂರದಲ್ಲಿ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಬಿಸಿಲು ಇಳಿದಂತೆ ರೆಕ್ಕೆಗಳು ಮಾಯವಾಗಿ ನೆತ್ತಿಯ ಕೆಂಪು ದೀಪಗಳಷ್ಟೇ ಉಳಿದವು. ದಾವಲಸಾಬ ಎದುರಿನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬೆಳಕು ಹಚ್ಚಿದ. ಎರಡು ಹಳದಿ ಹೊಂಡಗಳು ಗೋಡೆಯ ಮೇಲೆ ಎದ್ದವು, ಒಂದು ಮೇಲೆ, ಒಂದು ಕೆಳಗೆ. ಅವನು ಸ್ಕ್ರೂ ತಿರುಗಿಸಿದಂತೆ ಅವು ಸರಿದು ಸರಿದು ಒಂದೇ ಮಟ್ಟಕ್ಕೆ ಬಂದವು. ಬೆಳಕಿನ ಮೇಲಂಚು ಗೆರೆ ಹಾಕಿದ ಹಾಗೆ ನೇರ, ಎಡಕ್ಕೆ ಹೋದಂತೆ ಮಾತ್ರ ಏರು. ಆ ಏರನ್ನು ನಾನು ಮೊದಲೇ ಬಲ್ಲೆ. ನಮ್ಮ ಅಡುಗೆಮನೆಯಲ್ಲಿ ಅದು ದೇವರ ಫೋಟೋದ ಕಡೆಗೆ ಏರುತ್ತಿತ್ತು. ನಾನು ಅದನ್ನು ದೇವರ ಮಹಿಮೆ ಎಂದುಕೊಂಡಿದ್ದೆ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ಎರಡನೇ ಗೇರಿನಲ್ಲೇ ಬಂದೆ. ಒಂಟಿ ದೀಪದ ಗಾಡಿಯೊಂದು ಎದುರಿಗೆ ಬಂದಾಗ ಅದನ್ನು ಮೋಟಾರ್‌ಸೈಕಲ್ ಎಂದುಕೊಂಡೆ. ಹತ್ತಿರ ಬಂದಮೇಲೆ ಅದು ಟ್ರೇಲರು ಕಟ್ಟಿದ ಟ್ರ್ಯಾಕ್ಟರು. ಎದುರಿನ ಬೆಳಕು ನೋಡಲಿಲ್ಲ. ಎಡ ಅಂಚು ನೋಡಿದೆ. ಅಲ್ಲಿ ಮೊದಲು ಪಾದಗಳು ಕಾಣುತ್ತಿದ್ದವು, ಆಮೇಲೆ ಸೀರೆಯ ಅಂಚು, ಆಮೇಲೆ ಕೈಯಲ್ಲಿನ ಚೀಲ, ಕೊನೆಗೆ ಹೊರಳಿ ನೋಡುವ ಮುಖ. ಶೇಂಗಾ ಮಾರುವ ಗಾಡಿಯವನು ಕಂದೀಲು ಒರೆಸುತ್ತಿದ್ದ. ಎರಡು ಹೆಣ್ಣುಮಕ್ಕಳು ಒಂದೇ ಸೈಕಲ್ಲನ್ನು ನೂಕಿಕೊಂಡು ನಗುತ್ತ ಹೋಗುತ್ತಿದ್ದರು. ನಡೆಯುತ್ತಿದ್ದವರೆಲ್ಲ ಎಲ್ಲಿಗೋ ಅಲ್ಲ, ಮನೆಗೇ ಹೋಗುತ್ತಿದ್ದರು. ಇವರು ದಿನಾ ನೋಡಿದ್ದು ಇದನ್ನೇ ಅಲ್ಲವೇ ಅನ್ನಿಸಿತು. ಅಷ್ಟು ವರ್ಷ ಈ ಬೆಳಕಿನ ಹಿಂದೆ ಅವರಿದ್ದರು, ಅದರ ತುದಿಯಲ್ಲಿ ನಾನಿದ್ದೆ. ನಡುವೆ ಇಷ್ಟೊಂದು ಜನ ಓಡಾಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಓಣಿಯ ತಿರುವಿನಲ್ಲಿ ಬೆಳಕು ತಗ್ಗಿಸಿದೆ. ಅದು ಎದುರುಮನೆಯ ಗೋಡೆಯನ್ನು ಉದ್ದಕ್ಕೂ ಸವರಿ, ತಿರುಗಿ, ನಮ್ಮ ಗೇಟಿಗೆ ಬಂತು. ಗೇಟು ಮೊದಲೇ ತೆಗೆದಿತ್ತು. ಒಳಗೆ ತಂದು ನಿಲ್ಲಿಸಿದೆ. ಆ ಸೀಟಿನಿಂದ ನಮ್ಮ ಅಡುಗೆಮನೆಯ ಕಿಂಡಿ ಒಂದು ಸಾಧಾರಣ ಕಿಂಡಿ, ಅಷ್ಟೇ. ಆದರೆ ಅದರ ಹಿಂದೆ ಯಾರದೋ ತಲೆಯ ನೆರಳು ಅಲ್ಲಾಡಿತು. ಕೀಲಿ ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಕೂತೆ.

ಒಳಗೆ ಹೋದರೆ ಇವರು ಅಡುಗೆಮನೆಯಲ್ಲಿ ದೀಪ ಹಾಕದೆ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಲೆಯ ಮೇಲೆ ಚಹಾ ಕುದಿದು ಕುದಿದು ಕಷಾಯವಾಗಿತ್ತು.

"ಹಿಂಗ ಬರತಿತ್ತೇನು ಇದು?" ಎಂದರು. ದಿನಾ ಈ ಬೆಳಕು ತಂದವರು ಅದನ್ನು ಒಳಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಅವರು ಒಳಗೆ ಬರುವಷ್ಟರಲ್ಲಿ ಅದು ಆರಿರುತ್ತಿತ್ತು.

ಹೌದು, ಜಾಲರಿಯ ಚೌಕಳಿ ಸಮೇತ, ಮೊದಲು ಕ್ಯಾಲೆಂಡರು, ಆಮೇಲೆ ಡಬ್ಬಿ, ಆಮೇಲೆ ದೇವರ ಫೋಟೋ ಎಂದೆ. ನಿಮಗೆ ಕಂಡಿತೇ ಎಂದು ಕೇಳಲು ಧೈರ್ಯವಾಗಲಿಲ್ಲ. ಅವರೇ ಹೇಳಿದರು: "ಚೌಕಳಿ ಕಾಣಲಿಲ್ಲ. ಬೆಳಕ ಸರದದ್ದು ಕಂಡ್ತು. ದೇವರ ತನಕ ಹೋಗಲಿಲ್ಲ ಇವತ್ತ, ಡಬ್ಬಿ ಹತ್ರ ನಿಂತಬಿಡ್ತು. ನೀ ಗಾಡಿ ಎರಡ ಫೂಟು ಹಿಂದ ನಿಲ್ಲಿಸೀದಿ."

ಇಂಥ ಗಳಿಗೆಯಲ್ಲೂ ಕಾರು ನಿಲ್ಲಿಸಿದ್ದರಲ್ಲಿ ತಪ್ಪು ಹುಡುಕುವ ಮನುಷ್ಯ. ನಾನು ಚಹಾ ಸೋಸತೊಡಗಿದೆ. ಅವರು ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು ಮುಚ್ಚುತ್ತ, ಇನ್ನೊಂದು ಚಮಚ ಸಕ್ಕರೆ ಕೇಳುವ ದನಿಯಲ್ಲಿ, "ಮುಂಡರಗಿಯವ್ರಿಗೆ ರವಿವಾರ ಬರೂದು ಬ್ಯಾಡಂತ ಹೇಳಲೇನು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕಿಂಡಿಯಾಚೆಯಿಂದ ನೀಲಕ್ಕನ ದನಿ ಕೇಳಿತು. ಕೈಗೆ ಹತ್ತಿದ ಒಣ ಹಿಟ್ಟು ಕೊಡವಿಕೊಳ್ಳುತ್ತ ಅವಳು ತನ್ನ ಬಾಗಿಲಲ್ಲಿ ನಿಂತಿದ್ದಳು.

"ವೈನಿ, ನಮ್ಮ ಗ್ವಾಡಿ ಮ್ಯಾಲ ನಿಮ್ಮ ಗಾಡಿ ಲೈಟ್ ಬಂತು, ನನ್ನ ಕೈ ತಾನ ಹಂಚ ಇಟ್ಟಬಿಡ್ತು ನೋಡ್ರಿ, ಹಿಟ್ಟ ಇನ್ನೂ ನಾದೇ ಇಲ್ಲ. ನಾಳಿಂದ ಇದ ಹೊತ್ತೇನ್ರಿ, ಇಲ್ಲಾ ಅಣ್ಣಾರು ಮೊದಲ ಬರತಿದ್ದ ಹೊತ್ತೇನು? ಹೇಳಿಬಿಡ್ರಿ, ನಂಗ ರೊಟ್ಟಿಗೆ ನೀರ ಕಾಯಾಕ ಇಡಾಕ ಬರತೈತಿ."